ಸುಳ್ಳು ಕಾಲು

ಮೂಗಿ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ನೆಲ ಒರೆಸುತ್ತಿದ್ದಳು. ಕೋಣೆಯಲ್ಲಿ ಮೂವರು ನಿಂತು ನೋಡುತ್ತಿದ್ದರು. ಬಟ್ಟೆಯಿಂದ ನೀರು ಇಳಿಯುವ ಸದ್ದು, ಬಟ್ಟೆ ನೆಲಕ್ಕೆ ಉಜ್ಜುವ ಸದ್ದು, ಇಷ್ಟೇ.

ನೆಲ ಒರೆಸುವವರಿಗೆ ಮನುಷ್ಯರ ಮುಖ ಕಾಣುವುದಿಲ್ಲ, ಕಾಲು ಕಾಣುತ್ತದೆ. ಅಕ್ಕನ ಅತ್ತೆಯ ಕಾಲು ಗೋಡೆಯ ಪಕ್ಕದಲ್ಲಿತ್ತು. ಬಿರುಕು ಬಿಟ್ಟ ಹಿಮ್ಮಡಿ, ಸಿಟ್ಟು ಬಂದಾಗ ಮೇಲೇಳುವ ಹೆಬ್ಬೆರಳು. ಭಾವನ ಕಾಲು ಬಾಗಿಲ ಹತ್ತಿರ. ಉಗುರು ಕತ್ತರಿಸಿ ತೊಳೆದಿಟ್ಟ ಹಾಗಿದ್ದ ಬಿಳಿ ಕಾಲು. ಮೂರನೆಯದು ಕಾಲಲ್ಲ, ಬೂಟು. ಪತ್ತೇದಾರ ಬೂಟು ಬಿಚ್ಚದೇ ಒಳಗೆ ಬಂದಿದ್ದ. ಬಿಚ್ಚಿ ಎನ್ನುವ ಧೈರ್ಯ ಅತ್ತೆಗೂ ಆಗಿರಲಿಲ್ಲ.

"ಅವತ್ತು ಹೇಗೆ ಒರೆಸಿದ್ಯೋ ಹಾಗೇ ಒರ್ಸು" ಎಂದಿದ್ದ ಅವನು. ಅದೇ ಕೋಣೆ, ಅದೇ ಬಕೆಟ್ಟು, ಇಸ್ತ್ರಿ ಹಾಕುವ ಅದೇ ಮೇಜು. ಹೋದ ವಾರ ಇದೇ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆಯೇ ಅಕ್ಕ ಸತ್ತಿದ್ದಳು.

"ಮೇಜಿನ ಕೆಳಗೆ?" ಎಂದ ಪತ್ತೇದಾರ.

ಮೂಗಿ ಬಗ್ಗಿ ಮೇಜಿನ ಕೆಳಗೂ ಒರೆಸಿದಳು.

"ಹಿಂಡೋದೇ ಇಲ್ಲ ಇವಳು" ಎಂದಳು ಅತ್ತೆ. "ಮನೆ ತುಂಬಾ ಕೆರೆ ಮಾಡಿಡ್ತಾಳೆ. ಹೇಳಿ ಹೇಳಿ ನನ್ನ ನಾಲಿಗೆ ಸವೀತು. ಇವಳ ನೀರೇ ನನ್ನ ಸೊಸೆನ ತಿಂದಿದ್ದು."

"ನೀರು ಒಂದೇ ಯಾರನ್ನೂ ತಿನ್ನಲ್ಲಮ್ಮ. ಅದಕ್ಕೆ ಜೊತೆ ಬೇಕು."

ಪತ್ತೇದಾರನಿಗೆ ಠಾಣೆಯಲ್ಲಿ ನಿಧಾನಿ ಎಂದು ಅಡ್ಡಹೆಸರಿತ್ತು. ಎರಡು ಮಾತಿನ ನಡುವೆ ಒಂದು ಪೆಪ್ಪರ್‌ಮಿಂಟು ಕರಗಿಸುವವನು. ಅವನು ಸೌಮ್ಯ ಎಂದು ಮೊದಲ ದಿನ ಮೂಗಿಗೆ ಅನಿಸಿತ್ತು. ಈಗ ಅನಿಸುತ್ತಿರಲಿಲ್ಲ. ಅಕ್ಕ ಬಿದ್ದ ಜಾಗವನ್ನು ಅವಳ ಕೈಯಲ್ಲೇ ಒರೆಸಿಸಿ, ಅವಳ ಬೆನ್ನು ಹೇಗೆ ನಡುಗುತ್ತದೆ ಎಂದು ನೋಡುತ್ತ ನಿಲ್ಲುವವನು ಸೌಮ್ಯನಾಗಿರಲು ಸಾಧ್ಯವಿಲ್ಲ.

ಮೂಗಿ ನಿಜವಾಗಿ ಮೂಗಿಯಲ್ಲ. ಮಾತು ಬರುತ್ತದೆ, ಆಡುವುದು ಕಡಿಮೆ. ಅಕ್ಕನ ಜೊತೆ ಈ ಮನೆಗೆ ಬಂದ ಹೊಸದರಲ್ಲಿ ಭಾವ ತಮಾಷೆಗೆ ಇಟ್ಟ ಹೆಸರು ಅದು. ಕರೆದಾಗಲೆಲ್ಲ ಅವನು ನಗುತ್ತಿದ್ದ, ಅತ್ತೆ ನಗುತ್ತಿದ್ದಳು. ಅಕ್ಕ ಮಾತ್ರ ಪುಟ್ಟಿ ಎನ್ನುತ್ತಿದ್ದಳು. ಈಗ ಹಾಗೆ ಕರೆಯುವವರು ಯಾರೂ ಇರಲಿಲ್ಲ.

ಪತ್ತೇದಾರ ಚೀಲದಿಂದ ಒಂದು ಇಸ್ತ್ರಿಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ಅಂಗೈಯಷ್ಟು ಚಿಕ್ಕದು. ಹಿಡಿ ಕೂಡ ಲೋಹದ್ದೇ, ಮಡಚಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವಂಥದ್ದು. ಅದರ ವೈರಿನ ತುದಿಯ ಪಿನ್ನುಗಳು ಈ ಊರಿನ ಗೋಡೆಗೆ ಹೊಂದುವಂಥವಲ್ಲ.

"ಇದು ಎಲ್ಲಿಂದ ಬಂತು?"

"ಹೊರಗಿನ ಮಾಲು ಸಾಹೇಬ್ರೇ" ಎಂದ ಭಾವ. ಕೆಳಗಡೆಯ ಅಂಗಡಿ ಅವನದು. ಪರದೇಶಕ್ಕೆ ಹೋಗುವವರಿಗೆ ಬೇಕಾದ ಸೂಟ್‌ಕೇಸು, ಬೀಗ, ಕುತ್ತಿಗೆ ದಿಂಬು, ಯಾವ ದೇಶದ ಗೋಡೆಗೆ ಬೇಕಾದರೂ ಹೊಂದುವ ಅಡಾಪ್ಟರ್, ಎಲ್ಲ ಅಲ್ಲಿ ಸಿಗುತ್ತಿತ್ತು. "ನನ್ನ ನಾದಿನಿ, ಇವಳು, ಕೆಲಸಕ್ಕೆ ಅಂತ ಪರದೇಶಕ್ಕೆ ಹೋಗ್ತಿದ್ಲಲ್ಲ, ಆ ದೇಶದ ಪಿನ್ನೇ ಇದಕ್ಕಿರೋದು. ಪಾಪ, ಉಪಯೋಗಕ್ಕೆ ಬರ್ಲಿ ಅಂತ ನಾನೇ ಕೊಟ್ಟೆ."

"ವಾಪಸ್ ಬಂದ ಮಾಲು ತಾನೆ" ಎಂದಳು ಅತ್ತೆ. ಮಗನ ಗುಣ ಹೇಳುವ ಅವಕಾಶ ಬಿಡುವವಳಲ್ಲ ಅವಳು. "ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ಯಾರೋ ತಂದು ಬಿಸಾಕಿ ಹೋಗಿದ್ರು. ಇನ್ಯಾರಾದ್ರೂ ಆಗಿದ್ರೆ ಗುಜರಿಗೆ ಹಾಕ್ತಿದ್ರು. ನನ್ನ ಮಗನ ಕೈ ದೊಡ್ಡದು, ಮನೆ ಹುಡುಗಿಗೆ ಕೊಟ್ಟ."

"ಅಮ್ಮ, ನೀನು ಸುಮ್ನಿರು."

"ಇರೋದನ್ನೇ ಹೇಳಿದ್ನಪ್ಪ."

ಪತ್ತೇದಾರ ತಲೆಯಾಡಿಸಿದ. ದೊಡ್ಡ ಕೈಯನ್ನು ಒಮ್ಮೆ ನೋಡಿದ. ಆಮೇಲೆ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಅಡಾಪ್ಟರ್ ತೆಗೆದು, ಬೆಳಕಿಗೆ ಹಿಡಿದು, ಮತ್ತೆ ಜೇಬಿಗೆ ಹಾಕಿಕೊಂಡ. ಮೂಗಿ ತಲೆ ತಗ್ಗಿಸಿದಳು. ಅದನ್ನು ಅವಳು ಅವತ್ತೇ ನೋಡಿದ್ದಳು.

ಅವತ್ತು ಅವಳು ನೆಲ ಒರೆಸಿ, ಬಟ್ಟೆ ಹರಡಲು ಬಾಲ್ಕನಿಗೆ ಹೋಗಿದ್ದಳು. ಅಕ್ಕ ತಂಗಿಯ ಬಿಳಿ ಕೋಟಿಗೆ ಇಸ್ತ್ರಿ ಹಾಕಲು ನಿಂತಿದ್ದಳು. ಹೊಸ ಕೆಲಸದ ಕೋಟು ಅದು, ಪರದೇಶದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ. ಒಳಗಿನಿಂದ ಮೂಟೆ ಬಿದ್ದ ಹಾಗೆ ಸದ್ದು ಬಂತು. ಓಡಿ ಬಂದಾಗ ಬಟ್ಟೆ ಸುಟ್ಟ ವಾಸನೆ. ಅಕ್ಕನ ಬೆರಳು ಹಿಡಿಯನ್ನು ಬಿಟ್ಟಿರಲಿಲ್ಲ. ಮೂಗಿ ಮರದ ಹ್ಯಾಂಗರಿನಿಂದ ಹೊಡೆದು ಹೊಡೆದು ಗೋಡೆಯಿಂದ ಪ್ಲಗ್ ಬೀಳಿಸಿದ್ದಳು. ಅಡಾಪ್ಟರ್ ಅವಳ ಕಾಲ ಬುಡಕ್ಕೇ ಬಂದು ಬಿದ್ದಿತ್ತು. ಅದರ ಮೇಲೆ ಹಸಿರು ಚುಕ್ಕೆ ಇತ್ತು.

"ಅಡಾಪ್ಟರ್ ಮೇಲಿರೋ ಈ ಚುಕ್ಕೆ ಏನು?" ಎಂದು ಪತ್ತೇದಾರ ಕೇಳಿದ. "ಅಂಗಡೀಲಿ ನೋಡ್ದೆ. ಕೆಲವಕ್ಕೆ ಕೆಂಪು, ಕೆಲವಕ್ಕೆ ಹಸಿರು."

"ನಂಗೇನು ಗೊತ್ತು ಸಾಹೇಬ್ರೇ. ಬಣ್ಣ ಗಿಣ್ಣ ಎಲ್ಲ ಅವಳ ಆಟ. ನಾನು ಲೆಕ್ಕಾಚಾರ ನೋಡ್ಕೊಳೋನು."

"ಯಾವತ್ತೂ ಕೇಳಿಲ್ವಾ?"

"ಹೆಂಗಸರ ಎಲ್ಲ ಆಟಕ್ಕೂ ಅರ್ಥ ಕೇಳ್ತಾ ಕೂತ್ರೆ ಅಂಗಡಿ ನಡೆದ ಹಾಗೇ."

ಅತ್ತೆ ನಕ್ಕಳು. ಪತ್ತೇದಾರ ಮೂಗಿಯ ಕಡೆ ತಿರುಗಿದ.

"ನಿಂಗೆ ಗೊತ್ತಾ?"

ಅವಳಿಗೆ ಗೊತ್ತಿತ್ತು. ಮದುವೆಗೆ ಮುಂಚೆ ಅಕ್ಕ ಆಸೆಯಿಂದ ಕೊಂಡಿದ್ದ ಎರಡು ಶೀಷೆ ನೇಲ್ ಪಾಲಿಶ್, ಒಂದು ಕೆಂಪು, ಒಂದು ಹಸಿರು. ಅಂಗಡಿ ಹೆಂಗಸಿಗೆ ಉಗುರಿಗೆ ಬಣ್ಣ ಯಾಕೆ ಎಂದು ಅತ್ತೆ ಮೊದಲ ವಾರವೇ ಚಾಕುವಿನಿಂದ ಕೆರೆಸಿದ್ದಳು. ಎಸೆಯಲು ಮನಸ್ಸಾಗದೆ ಅಕ್ಕ ಅವನ್ನು ಅಂಗಡಿಗೆ ತಂದಿಟ್ಟುಕೊಂಡಳು. ಅಡಾಪ್ಟರುಗಳಲ್ಲಿ ಒಂದು ಮೋಸವಿತ್ತು. ಎಲ್ಲಕ್ಕೂ ನೋಡಲು ಮೂರು ಕಾಲು. ದಪ್ಪನೆಯ ಮೂರನೆಯದಕ್ಕೆ ಅಕ್ಕ ಕಾಯೋ ಕಾಲು ಎನ್ನುತ್ತಿದ್ದಳು. ಲೋಹದ ಪೆಟ್ಟಿಗೆಯಲ್ಲಿ ಕರೆಂಟು ಸೋರಿದರೆ ಆ ಕಾಲು ಅದನ್ನು ನೆಲಕ್ಕೆ ಇಳಿಸಿ ಮನುಷ್ಯರನ್ನು ಕಾಯುತ್ತದೆ. ಆದರೆ ಅಗ್ಗದ ಮಾಲಿನಲ್ಲಿ ಆ ಕಾಲು ಬರೀ ಪ್ಲಾಸ್ಟಿಕ್. ತೂತಿಗೆ ತುಂಬಲು ಇಟ್ಟ ಸುಳ್ಳು ಕಾಲು. ಅಂಥದ್ದಕ್ಕೆ ಅಕ್ಕ ಕೆಂಪು ಚುಕ್ಕೆ ಇಡುತ್ತಿದ್ದಳು. ನಿಜವಾದ ಕಾಲಿದ್ದರೆ ಹಸಿರು.

ಅಷ್ಟು ದೊಡ್ಡ ಮಾತು ಇವರೆಲ್ಲರ ಮುಂದೆ ಬಾಯಿಗೆ ಬರಲಿಲ್ಲ. "ಅಕ್ಕ ಇಡ್ತಿದ್ಲು" ಎಂದಷ್ಟೇ ಅಂದಳು.

"ಕೇಳಿದ್ದಕ್ಕೆ ಉತ್ತರ ಕೊಡೋಕೂ ಜಿಪುಣತನ" ಎಂದಳು ಅತ್ತೆ. "ಇನ್ನು ಮೇಲೆ ಬಾಯಿ ಕಲೀಬೇಕು ನೀನು. ಗಿರಾಕಿಗಳ ಹತ್ರ ಮಾತಾಡ್ಬೇಕು, ಗಂಡಸಿಗೆ ಹೊತ್ತಿಗೆ ಸರಿಯಾಗಿ ಹಾಕ್ಬೇಕು. ಅಕ್ಕನ ಜಾಗ ಖಾಲಿ ಬಿಡೋಕಾಗುತ್ತಾ."

ಮೂಗಿ ಬಟ್ಟೆ ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

"ಏನಮ್ಮ ಹಾಗಂದ್ರೆ?" ಎಂದ ಪತ್ತೇದಾರ.

"ಅರ್ಥವಾಗದ್ದು ಏನಿದೆ? ಹೊರಗಿಂದ ತಂದು, ಕಲಿಸಿ, ತಿದ್ದಿ ಮಾಡೋಷ್ಟರಲ್ಲಿ ನನ್ನ ಜೀವ ಹೋಗುತ್ತೆ. ಇವಳಾದ್ರೆ ಮನೇಲೇ ಇದ್ದಾಳೆ. ಒಲೆ ಎಲ್ಲಿದೆ ಗೊತ್ತು, ಬಕೆಟ್ಟು ಎಲ್ಲಿದೆ ಗೊತ್ತು."

ಭಾವನ ಬಿಳಿ ಕಾಲಿನ ಬೆರಳುಗಳು ಒಮ್ಮೆ ಅಗಲವಾಗಿ, ಮತ್ತೆ ಕೂಡಿಕೊಂಡವು.

ಅಕ್ಕ ಎರಡು ತಿಂಗಳಿನಿಂದ ಒಂದೇ ಮಾತು ಹೇಳುತ್ತಿದ್ದಳು. ಪುಟ್ಟಿ, ನೀನು ಹೊರಟುಬಿಡು, ನಾನಿರೋವಾಗ್ಲೇ ಹೊರಟುಬಿಡು. ಯಾಕೆ ಎಂದು ತಂಗಿ ಕೇಳಲಿಲ್ಲ, ಅಕ್ಕ ಹೇಳಲಿಲ್ಲ. ಸ್ನಾನದ ಮನೆಯ ಬಾಗಿಲ ಕೆಳಗಿನ ಸಂದಿನಲ್ಲಿ ನಿಂತ ಬಿಳಿ ಕಾಲುಗಳನ್ನು ಇಬ್ಬರೂ ನೋಡಿದ್ದರು.

"ನಿನ್ನ ಸೂಟ್‌ಕೇಸ್ ತಗೊಂಡು ಬಾ" ಎಂದ ಪತ್ತೇದಾರ.

ತಂದಳು. ಅಕ್ಕ ತನ್ನ ಕೈಯಾರೆ ಜೋಡಿಸಿದ ಸೂಟ್‌ಕೇಸು. ಅಕ್ಕ ಸತ್ತ ದಿನದಿಂದ ಅವಳು ಅದನ್ನು ತೆರೆದಿರಲಿಲ್ಲ. ಪತ್ತೇದಾರ ಒಂದೊಂದೇ ಬಟ್ಟೆಯನ್ನು ಎತ್ತಿ ಮೇಜಿನ ಮೇಲಿಟ್ಟ. ಒಳ ಉಡುಪನ್ನೂ ಎತ್ತಿದ, ಎಲ್ಲರ ಮುಂದೆ ಬಿಡಿಸಿದ, ಮಡಚದೇ ಬದಿಗೆ ಹಾಕಿದ. ಭಾವ ನೋಡುತ್ತ ನಿಂತ. ಕೊನೆಯಲ್ಲಿ ಒಂದು ಕಾಲುಚೀಲ ಗಟ್ಟಿಯಾಗಿ ಕೈಗೆ ಸಿಕ್ಕಿತು. ಅದನ್ನು ತಲೆಕೆಳಗೆ ಮಾಡಿದಾಗ ಹಸಿರು ನೇಲ್ ಪಾಲಿಶಿನ ಶೀಷೆ ಉರುಳಿ ಬಂತು.

ಮೂಗಿ ಅದನ್ನು ಅಲ್ಲಿ ಇಟ್ಟಿರಲಿಲ್ಲ.

"ನೋಡಿ ನೋಡಿ" ಎಂದಳು ಅತ್ತೆ. "ಸತ್ತವಳ ಸಾಮಾನು ಕದ್ದು ಗಂಟು ಕಟ್ಟಿಟ್ಟಿದ್ದಾಳೆ. ಹೆಣ ಎತ್ತೋಕೂ ಪುರುಸೊತ್ತಿಲ್ಲ ಇವಳಿಗೆ. ಹಾವಿಗೆ ಹಾಲೆರೆದ ಹಾಗಾಯ್ತು ನಮ್ಮ ಕಥೆ."

ಭಾವ ಹತ್ತಿರ ಬಂದ. ಶೀಷೆಯನ್ನು ನೋಡಿದ. ಅವನ ದನಿ ಬಹಳ ಮೆತ್ತಗಿತ್ತು.

"ಯಾಕೆ ಹೀಗೆ ಮಾಡಿದೆ ಮೂಗಿ?"

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು.

"ಸಾಹೇಬ್ರೇ, ತಿಳಿವಳಿಕೆ ಇಲ್ಲದ ಹುಡುಗಿ. ಹೊರಟು ಹೋಗೋ ಹುಚ್ಚು ಒಂದು. ಅಕ್ಕ ಬೇಡ ಅಂದಿರ್ಬೇಕು, ಏನೋ ಜಗಳ ಆಗಿರ್ಬೇಕು. ದೊಡ್ಡದು ಮಾಡ್ಬೇಡಿ. ಮನೇಲೇ ಇರ್ತಾಳೆ. ನಾನು ನೋಡ್ಕೊತೀನಿ."

"ಒಂದು ಶೀಷೆ ಬಣ್ಣ ತಗೊಂಡಿದ್ದಕ್ಕೆ ಇಷ್ಟೊಂದು ಕ್ಷಮೆ ಯಾಕ್ರೀ?" ಎಂದ ಪತ್ತೇದಾರ.

ಭಾವ ಅಮ್ಮನ ಕಡೆ ತಿರುಗಿದ.

"ಅಲ್ಲ, ಕದ್ದಿದ್ದಾಳೆ ಅಂತ ಅಮ್ಮ ಅಂದ್ಲಲ್ಲ. ಅದಕ್ಕೆ."

"ಅದಕ್ಕೆ ಅನ್ನಿ. ಇವಳ ಪಾಸ್‌ಪೋರ್ಟ್ ಎಲ್ಲಿ?"

"ನನ್ನ ಬೀರುವಿನಲ್ಲಿದೆ. ಜೋಪಾನವಾಗಿರ್ಲಿ ಅಂತ."

"ತನ್ನಿ."

ಬೀರು ತೆರೆಯುವ ಸದ್ದು ಕೇಳಿಸಿತು. ಪಾಸ್‌ಪೋರ್ಟ್ ಬಂದಾಗ ಮೂಗಿಯ ಕೈ ತಾನಾಗಿಯೇ ಮುಂದೆ ಹೋಯಿತು. ಪತ್ತೇದಾರ ಆ ಕೈ ಕಾಣಿಸದವನ ಹಾಗೆ ಅದನ್ನು ತನ್ನ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

"ವಿಚಾರಣೆ ಮುಗಿಯೋವರೆಗೆ ಯಾರೂ ಎಲ್ಲೂ ಹೋಗಲ್ಲ."

"ನಾಳಿದ್ದು ವಿಮಾನ ಸಾರ್" ಎಂದಳು ಮೂಗಿ.

"ಗೊತ್ತು."

ಅಷ್ಟೇ ಅವನ ಉತ್ತರ. ಭಾವನ ಮುಖದಲ್ಲಿ ಬಿಗಿದಿದ್ದ ಯಾವುದೋ ನರ ಸಡಿಲವಾಯಿತು.

ಆಗ ಕೆಳಗಿನಿಂದ ಯಾರೋ ಅರ್ಧ ಇಳಿಸಿದ್ದ ಷಟರ್ ಬಡಿದರು. "ಅಂಗಡೀಲಿ ಯಾರಾದ್ರೂ ಇದ್ದೀರಾ? ಸಂಜೆ ವಿಮಾನ ಇದೆ, ಒಂದು ಅಡಾಪ್ಟರ್ ಬೇಕಿತ್ತು."

ಭಾವ ಪತ್ತೇದಾರನ ಮುಖ ನೋಡಿದ. "ಹೋಗ್ಬನ್ನಿ" ಎಂದ ಅವನು. "ಸಾವು ಇದ್ದಿದ್ದೇ, ವ್ಯಾಪಾರ ಬಿಡೋಕಾಗುತ್ತಾ."

ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ಭಾವ ಇಳಿದು ಹೋದ. ಮೆಟ್ಟಿಲ ಗೂಡಿನಲ್ಲಿ ಕೆಳಗಿನ ಮಾತು ಕೊಳವೆಯಲ್ಲಿ ಬಂದ ಹಾಗೆ ಮೇಲೆ ಬರುತ್ತಿತ್ತು. ಆ ಮನೆಯವರಿಗೆ ಅದು ಎಷ್ಟು ರೂಢಿಯೆಂದರೆ ಅವರು ಅದನ್ನು ಮರೆತೇಬಿಟ್ಟಿದ್ದರು.

"ಏನೇನು ತಗೊಂಡು ಹೋಗ್ತಿದ್ದೀರಾ?" ಭಾವನ ದನಿ, ಗಿರಾಕಿ ಬಂದಾಗಿನ ಹಸನ್ಮುಖಿ ದನಿ. "ಬರೀ ಫೋನ್ ಚಾರ್ಜರ್ ಆದ್ರೆ ಯಾವುದಾದ್ರೂ ನಡೆಯುತ್ತೆ."

"ಹೆಂಡತಿ ಒಂದು ಸ್ಟೀಲ್ ಕೆಟಲ್ ತುಂಬಿದ್ದಾಳೆ, ನೀರು ಕಾಯಿಸೋದು."

"ಹಾಗಾದ್ರೆ ಅದು ಬೇಡ, ಈ ಹಸಿರು ಚುಕ್ಕೆದು ತಗೊಳ್ಳಿ. ಕೆಂಪು ಚುಕ್ಕೆದಕ್ಕೆ ನೋಡೋಕೆ ಮೂರು ಕಾಲಿದ್ರೂ ಒಂದು ಸುಳ್ಳು. ಇನ್ನೊಂದು ನೆನಪಿಟ್ಕೊಳ್ಳಿ. ಅಡಾಪ್ಟರ್ ಬಾಯಿ ಬದಲಿಸುತ್ತೆ, ಬುದ್ಧಿ ಬದಲಿಸಲ್ಲ. ಅಲ್ಲಿನ ಕರೆಂಟು ನಿಮ್ಮ ಕೆಟಲ್‌ಗೆ ಆಗುತ್ತೋ ಇಲ್ವೋ ಅದರ ಹಿಂದೆ ಬರೆದಿರುತ್ತೆ, ಓದ್ಕೊಳ್ಳಿ."

ಗಿರಾಕಿ ನಕ್ಕ. ಭಾವನೂ ನಕ್ಕ.

ಬಾಯಿ ಬದಲಿಸುತ್ತೆ, ಬುದ್ಧಿ ಬದಲಿಸಲ್ಲ. ಅದು ಅಕ್ಕನ ಮಾತು. ಪ್ರತಿ ಗಿರಾಕಿಗೂ ಅವಳು ಹೇಳುತ್ತಿದ್ದ ಮಾತು. ಅವಳು ಸತ್ತ ಮೇಲೆ ಅದು ಅವನ ಬಾಯಲ್ಲಿ ಬದುಕಿತ್ತು. ಬಣ್ಣದ ಅರ್ಥ ಗೊತ್ತಿಲ್ಲ ಎಂದವನು ಮೆಟ್ಟಿಲಿಳಿದು ಅಂಗಡಿಯ ಮೇಜಿನ ಹಿಂದೆ ನಿಂತ ಕೂಡಲೇ ವ್ಯಾಪಾರಿಯಾಗಿಬಿಟ್ಟಿದ್ದ. ವ್ಯಾಪಾರಿಯ ಬಾಯಿಗೆ ಬೀಗವಿಲ್ಲ.

ಪತ್ತೇದಾರ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚುತ್ತಿದ್ದ. ಅವನ ಬೆರಳು ನಡುವೆಯೇ ನಿಂತಿತು.

"ನಿನ್ನ ಕಿವಿ ಚೆನ್ನಾಗಿದೆ ಅಲ್ವಾ?" ಎಂದು ಮೂಗಿಯನ್ನು ಮೆಲ್ಲಗೆ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

"ನಂದೂ. ಆದ್ರೆ ಮೆಟ್ಟಿಲಲ್ಲಿ ಕೇಳಿಸ್ಕೊಂಡ ಮಾತು ಕೋರ್ಟಿನಲ್ಲಿ ನಿಲ್ಲಲ್ಲ. ಅವನು ಅಲ್ಲ ಅಂದ್ರೆ ಅಲ್ಲ. ಎದುರಿಗೇ ಬಾಯಿ ಬಿಡ್ಬೇಕು." ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡ. "ಬಿಡಿಸ್ಬೇಕು."

"ಏನು ಪಿಸಪಿಸ?" ಎಂದಳು ಅತ್ತೆ. ಅವಳಿಗೆ ಕಿವಿ ಸ್ವಲ್ಪ ಮಂದ.

"ಏನಿಲ್ಲಮ್ಮ. ನಿಮ್ಮ ಸೊಸೆ ಇಸ್ತ್ರಿ ಹಾಕೋದ್ರಲ್ಲಿ ಹೇಗೆ ಅಂತ ಕೇಳ್ತಿದ್ದೆ."

"ಅಯ್ಯೋ, ಕೈ ನೋಡಿದ್ರೆ ಗೊತ್ತಾಗ್ತಿತ್ತು. ಸರಿಯಾಗಿ ಹಿಡಿಯೋಕೆ ಬರ್ತಿರ್ಲಿಲ್ಲ. ಅದಕ್ಕೇ ಸತ್ಲು."

ಪತ್ತೇದಾರ ಅವಳನ್ನು ಬಹಳ ಹೊತ್ತು ನೋಡಿದ. ಮೂಗಿಗೆ ಆ ನೋಟ ಇಷ್ಟವಾಗಲಿಲ್ಲ. ಕಟುಕ ಕುರಿಯ ಬೆನ್ನು ಒತ್ತಿ ನೋಡುವ ನೋಟ ಅದು.

ಭಾವ ಮೇಲೆ ಬಂದ. ಚಪ್ಪಲಿ ಬಾಗಿಲಾಚೆ ಬಿಟ್ಟು, ಕಾಲೊರಸನ್ನು ದಾಟಿ ಒಳಗೆ ನಿಂತ. ಒದ್ದೆ ನೆಲದ ಮೇಲೆ ಅವನ ಹೆಜ್ಜೆ ಮೂಡಿತು. ಗೋಡೆಯ ಸ್ವಿಚ್ಚು ಅವನ ಭುಜದ ಪಕ್ಕದಲ್ಲೇ ಇತ್ತು.

"ಎಲ್ಲರೂ ಕೇಳಿ" ಎಂದ ಪತ್ತೇದಾರ. "ಇದು ಅಪಘಾತ ಅಲ್ಲ. ಸತ್ತವಳು ಹಾಕಿದ್ದ ಅಡಾಪ್ಟರ್‌ಗೆ ಯಾರೋ ಒಂದು ಕೆಲಸ ಮಾಡಿದ್ದಾರೆ. ಏನು ಅಂತ ನಾನು ಯಾರಿಗೂ ಹೇಳಿಲ್ಲ. ಅದು ಗೊತ್ತಿರೋದು ಎರಡೇ ಜನಕ್ಕೆ. ಒಬ್ಬ ನಾನು. ಇನ್ನೊಬ್ಬರು ಅವಳನ್ನ ಕೊಂದವರು."

ಗೊತ್ತಿದ್ದ ಮೂರನೆಯವಳು ಮೂಗಿ.

ಅವತ್ತು ಕಾಲ ಬುಡದಲ್ಲಿ ಬಿದ್ದ ಅಡಾಪ್ಟರಿನ ಹಸಿರು ಅಕ್ಕನ ಹಸಿರಾಗಿರಲಿಲ್ಲ. ಶೀಷೆಯ ಕುಂಚ ಎಂದೋ ಉದುರಿ ಹೋಗಿ, ಅಕ್ಕ ಬೆಂಕಿಕಡ್ಡಿಯ ಹಿಂತುದಿಯಿಂದ ಚುಕ್ಕೆ ಇಡುತ್ತಿದ್ದಳು. ಸಾಸಿವೆಯಷ್ಟು, ದುಂಡಗೆ. ಇದು ದುಂಡಗಿರಲಿಲ್ಲ. ಯಾರೋ ಅವಸರದಲ್ಲಿ ಉದ್ದಕ್ಕೆ ಎಳೆದಿದ್ದರು. ಆ ಹಸಿರಿನ ಒಂದು ಅಂಚಿನಲ್ಲಿ, ಕೂದಲೆಳೆಯಷ್ಟು, ಕೆಂಪು ಇಣುಕುತ್ತಿತ್ತು. ಸುಳ್ಳು ಕಾಲಿನ ಮೇಲೆ ನಿಜದ ಬಣ್ಣ. ಅಕ್ಕ ತನ್ನದೇ ಗುರುತನ್ನು ನಂಬಿ ಸತ್ತಿದ್ದಳು.

ಅದನ್ನು ಮೂಗಿ ಒಂದು ವಾರದಿಂದ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ಪಾಸ್‌ಪೋರ್ಟ್ ಭಾವನ ಬೀರುವಿನಲ್ಲಿತ್ತು. ಅದು ಕೈಗೆ ಬಂದ ಮೇಲೆ ಹೇಳೋಣ ಎಂದುಕೊಂಡಿದ್ದಳು. ಈಗ ಹಸಿರು ಶೀಷೆ ಅವಳ ಸೂಟ್‌ಕೇಸಿನಲ್ಲಿ ಸಿಕ್ಕಿತ್ತು. ಈಗ ಆ ಮಾತು ಹೇಳಿದವಳೇ ಕೊಂದವಳು.

"ಅಮ್ಮ, ನೀವು ದೊಡ್ಡವರು" ಎಂದ ಪತ್ತೇದಾರ. "ಸರಿಯಾಗಿ ಹಿಡಿಯೋದು ಹೇಗೆ ಅಂತ ತೋರಿಸ್ತೀರಾ? ನಾನೂ ಬರೆದುಕೊಳ್ಬೇಕಲ್ಲ."

"ಅದೇ ಪೆಟ್ಟಿಗೆಲಾ?" ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರ್ಬೇಡಿ. ಪೆಟ್ಟಿಗೆ ಪರೀಕ್ಷೆ ಮಾಡ್ಸಿದೀವಿ. ಸರಿಯಾದ ಅಡಾಪ್ಟರ್ ಹಾಕಿದ್ರೆ ಏನೂ ಆಗಲ್ಲ. ಅದಕ್ಕೇ ಅಂತ ಬರೋವಾಗ ನಿಮ್ಮ ಅಂಗಡಿಯಿಂದಲೇ ಒಂದು ಹೊಸದು ತಗೊಂಡು ಬಂದೆ."

ಅವನು ಜೇಬಿನಲ್ಲಿ ತಡಕಿ ಒಂದು ಅಡಾಪ್ಟರ್ ತೆಗೆದ. ಅದಕ್ಕೂ ಹಸಿರು ಗುರುತಿತ್ತು. ಇಸ್ತ್ರಿಯ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ ಗೋಡೆಗೆ ಹಾಕಿದ. ನೆಲದಲ್ಲಿ ಕೂತಿದ್ದ ಮೂಗಿಯ ಕಣ್ಣಿನ ನೇರಕ್ಕೇ ಅದು ಬಂತು.

ಗುರುತು ದುಂಡಗಿರಲಿಲ್ಲ. ಉದ್ದಕ್ಕೆ ಎಳೆದಿತ್ತು. ಅಂಚಿನಲ್ಲಿ ಕೆಂಪು.

ಹೊಸದಲ್ಲ. ಅದೇ.

ಪತ್ತೇದಾರ ಸ್ವಿಚ್ ಹಾಕಿದ. ಪೆಟ್ಟಿಗೆಯ ಮೂತಿಯಲ್ಲಿ ಸಣ್ಣ ಕೆಂಪು ದೀಪ ಹತ್ತಿಕೊಂಡಿತು. ಅವನು ತನ್ನ ಕರವಸ್ತ್ರವನ್ನು ಮೇಜಿನ ಮೇಲೆ ಹಾಸಿ, ರಬ್ಬರ್ ಅಟ್ಟೆಯ ಬೂಟನ್ನು ಒದ್ದೆ ನೆಲದಲ್ಲಿ ಊರಿ, ಮೇಜಿನ ಆಚೆಗೆ ಹೋಗಿ ನಿಂತ. ಅವನ ಕಣ್ಣು ಅತ್ತೆಯ ಮೇಲಿರಲಿಲ್ಲ, ಭಾವನ ಬಾಯಿಯ ಮೇಲಿತ್ತು.

ಅವನ ಲೆಕ್ಕ ಮೂಗಿಗೆ ಆಗ ಅರ್ಥವಾಯಿತು. ಹೆಂಡತಿಯನ್ನು ಕೊಂದವನಾದರೂ ಹೆತ್ತವಳನ್ನು ಕೊಲ್ಲಲಾರ. ಈಗ ಬಾಯಿ ಬಿಡುತ್ತಾನೆ, ಅಮ್ಮ ಮುಟ್ಟಬೇಡ ಎನ್ನುತ್ತಾನೆ, ಆ ಒಂದು ಮಾತಿಗೆ ಕೋಳ ಬೀಳುತ್ತದೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಲೇ, ಕಣ್ಣು ಬಿಟ್ಟು ನೋಡ್ಕೋ" ಎಂದು ಮೂಗಿಗೆ ಹೇಳಿದಳು. "ಅಕ್ಕನ ಹಾಗೆ ಸಾಯ್ಬಾರ್ದು ಅಂದ್ರೆ ಕಲ್ತ್ಕೋ." ಬರಿಗಾಲಲ್ಲಿ ನೀರು ತುಳಿದು ಮೇಜಿನ ಹತ್ತಿರ ಬಂದಳು.

ಭಾವ ಗೋಡೆಯಲ್ಲಿದ್ದ ಅಡಾಪ್ಟರಿನ ಗುರುತನ್ನು ನೋಡಿದ. ನೋಡಿದ್ದನ್ನು ಮೂಗಿ ನೋಡಿದಳು. ಅವನು ಗುರುತು ಹಿಡಿದ.

ಅವನ ಬಾಯಿ ಮುಚ್ಚಿಕೊಂಡೇ ಇತ್ತು.

ಅತ್ತೆ ಮೊದಲು ಕರವಸ್ತ್ರದ ಸುಕ್ಕು ಬಿಡಿಸಿದಳು. ನಾಲ್ಕು ಮೂಲೆ ಎಳೆದು ಸರಿಮಾಡಿದಳು. "ಮೊದಲು ಬಟ್ಟೆ ಹೀಗೆ ಕೈಯಲ್ಲಿ ಸವರ್ಬೇಕು. ಎಷ್ಟು ಸಲ ಹೇಳಿದ್ದೆ ಅವಳಿಗೆ."

ಮೂಗಿ ಸುಮ್ಮನಿದ್ದರೆ ಸಾಕಿತ್ತು. ಎಷ್ಟೋ ವರ್ಷದಿಂದ ಸುಮ್ಮನೇ ಇದ್ದವಳು, ಇನ್ನೊಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಯಾರೂ ಅವಳನ್ನು ಕೇಳುವಂತಿರಲಿಲ್ಲ. ಅಕ್ಕನ ಉಗುರನ್ನು ಚಾಕುವಿನಿಂದ ಕೆರೆಸಿದ ಕೈ ಅದು. ಅಕ್ಕನ ಹ್ಞಾಂ ಎನ್ನುವ ದನಿಯನ್ನೂ ಅಣಕಿಸಿದ ಬಾಯಿ ಅದು. ಹೋಗಲಿ ಎಂದುಕೊಂಡಳು ಮೂಗಿ. ಆ ಯೋಚನೆ ತನ್ನದೇ ಎಂದು ತಿಳಿದು ಅವಳಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು, ಅದರಲ್ಲಿ ಸ್ವಲ್ಪ ತಂಪಿದೆ ಎಂದು ತಿಳಿದಾಗ.

ಅಷ್ಟರಲ್ಲಿ ಅವಳು ಭಾವನ ಕಾಲು ನೋಡಿದಳು.

ಒದ್ದೆ ನೆಲದಲ್ಲಿದ್ದ ಎರಡು ಬಿಳಿ ಕಾಲು ಸದ್ದಿಲ್ಲದೆ ಹಿಂದೆ ಸರಿದವು. ಮೊದಲು ಒಂದು, ಆಮೇಲೆ ಇನ್ನೊಂದು. ಬಾಗಿಲ ಹತ್ತಿರದ ಒಣಗಿದ ಕಾಲೊರಸಿನ ಮೇಲೆ ಹೋಗಿ ಜೋಡಿಯಾಗಿ ನಿಂತವು. ದೂರ ನಿಂತಿದ್ದವನಿಗೆ ಏನೂ ಆಗುವಂತಿರಲಿಲ್ಲ. ಆದರೂ ಕಾಲು ಒಣ ಜಾಗ ಹುಡುಕಿಕೊಂಡಿತು. ಆ ನೀರು ಏನು ಮಾಡಬಲ್ಲದೆಂದು ಬಾಯಿ ಹೇಳದಿದ್ದುದನ್ನು ಕಾಲು ಹೇಳಿತು.

ಪತ್ತೇದಾರ ಅವನ ಬಾಯಿಯನ್ನೇ ನೋಡುತ್ತಿದ್ದ. ಕಾಲು ನೋಡಲಿಲ್ಲ. ನೆಲ ಒರೆಸಿ ಅಭ್ಯಾಸವಿದ್ದವಳು ಆ ಕೋಣೆಯಲ್ಲಿ ಒಬ್ಬಳೇ.

ಮಗ ಬಾಯಿ ಬಿಡುವುದಿಲ್ಲ. ಪತ್ತೇದಾರ ಇನ್ನೂ ಕಾಯುತ್ತಾನೆ, ಕೊನೆಯ ಗಳಿಗೆಯವರೆಗೂ ಕಾಯುತ್ತಾನೆ. ಅವನು ಮೇಜಿನ ಆಚೆ ಇದ್ದಾನೆ, ಸ್ವಿಚ್ಚು ಬಾಗಿಲ ಪಕ್ಕದಲ್ಲಿದೆ. ಅದನ್ನು ತಲುಪುವಷ್ಟು ಹತ್ತಿರ ಇರುವವನು ಭಾವ ಒಬ್ಬನೇ.

ಅತ್ತೆಯ ಕೈ ಹಿಡಿಯ ಕಡೆ ಹೋಯಿತು.

"ಅತ್ತೆ, ಬೇಡಿ" ಎಂದಳು ಮೂಗಿ. ದನಿ ತೊದಲಿತು. "ಭಾವ, ಸ್ವಿಚ್ ಆರಿಸಿ."

ಪತ್ತೇದಾರನ ತಲೆ ತಿರುಗಿತು. ಭಾವನ ಕಡೆಗಲ್ಲ, ಅವಳ ಕಡೆಗೆ. ಅವನ ಕೈ ಅಂಗಿಯ ಜೇಬಿನ ಮೇಲೆ, ಅವಳ ಪಾಸ್‌ಪೋರ್ಟಿನ ಮೇಲೆ ಹೋಗಿ ನಿಂತಿತು. ಭಾವನ ತುಟಿಯ ಒಂದು ಮೂಲೆ ಮೇಲಕ್ಕೆದ್ದಿತು.

ಅತ್ತೆ ಮಾತ್ರ ಮನಸಾರೆ ನಕ್ಕಳು. "ನೋಡಿ ಸಾಹೇಬ್ರೇ, ಮೂಗಿಗೂ ಬಾಯಿ ಬಂತು. ಕೆಲಸ ಕಲಿ ಅಂದ ಕೂಡ್ಲೇ ಸ್ವಿಚ್ ಆರಿಸ್ಬೇಕಂತೆ." ನಗುತ್ತಲೇ ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮತ್ತೆ ಮುಂದೆ ಚಾಚಿದಳು.

"ಭಾವ, ಆ ಸ್ವಿಚ್ ಆರಿಸಿ."